ಭಾವನ ಮಸ್ಟ್ಯಾಂಗ್ ವೇಬ್ರಿಡ್ಜಲ್ಲಿ 1,780 ಕೆಜಿ ತೂಗಿತು. ಸೀಟು ಕಿತ್ರೆ ಹಗುರ ಆಗುತ್ತಾ?

ನೀರ್‌ದೋಸೆ_ಕೊಟ್ಟಿಗೆಹಾರ:

ಎಲ್ರಿಗೂ ನಮಸ್ಕಾರ. ಕಾಫಿಗೆ ರೇಟು ಬಂದ ಖುಷೀಲಿ ನಮ್ಮ ಭಾವ ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟ್ಯಾಂಗ್ ಜಿಟಿ ಕಾರು ತಂದ್ರು. 2017ರ ಗಾಡಿ, 5 ಲೀಟರ್ ವಿ8, ಆಟೋಮ್ಯಾಟಿಕ್. ಕೊಟ್ಟಿಗೆಹಾರದ ಮಳೆಗೆ ಇದು ಬೇಕಿತ್ತಾ ಅಂತ ಕೇಳ್ಬೇಡಿ, ಅಕ್ಕ ಕೇಳಿ ಮುಗ್ಸಿದಾಳೆ.

ನಾನು ಇಪ್ಪತ್ತು ವರ್ಷದಿಂದ ಜಿಪ್ಸಿ ಓಡಿಸೋನು. ಅದರಲ್ಲಿ ಎಂಬತ್ತಕ್ಕೆ ಹೋದ್ರೆ ಟಾರ್ಪಾಲು ಪಟಪಟ ಬಡಿಯುತ್ತೆ, ಗೇರ್ ಲಿವರ್ ನಡುಗುತ್ತೆ, ಪಕ್ಕದಲ್ಲಿ ಕೂತೋರ ಮಾತು ಕೇಳಲ್ಲ. ಗಾಡಿನೇ ಹೇಳುತ್ತೆ, ಸಾಕು ಮಾರಾಯ ಅಂತ. ಮಸ್ಟ್ಯಾಂಗಲ್ಲಿ ಕಡೂರು ರೋಡಲ್ಲಿ ಹೋಗ್ತಿದ್ವಿ. ಅಕ್ಕನ ಅತ್ತೆ ಮುಂದಿನ ಸೀಟಲ್ಲಿ ಗೊರಕೆ ಹೊಡೀತಿದ್ರು, ಎಸಿ ತಣ್ಣಗೆ, ಹೊರಗಿನ ಗಾಳಿ ಸದ್ದೂ ಇಲ್ಲ. ಅರವತ್ತಿರಬೇಕು ಅಂದ್ಕೊಂಡು ಇಣುಕಿದ್ರೆ ಮೀಟರ್ ನೂರರ ಮೇಲಿತ್ತು.

ಸಮಸ್ಯೆ ಆಗಿದ್ದು ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗುವಾಗ. ಭಾವ ಸ್ಟೀರಿಂಗ್, ಅತ್ತೆ ಮುಂದೆ, ನಾನು ಹಿಂದಿನ ಸೀಟಲ್ಲಿ ಮಡಚಿಕೊಂಡು. (ಅದನ್ನ ಸೀಟು ಅಂತ ಕರ್ದೋರ ಮೊಣಕಾಲು ಎಲ್ಲಿತ್ತೋ.) ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಕಾಣಿಕೆ ಹಾಕಿ ಚಾರ್ಮಾಡಿ ಇಳಿಯೋಕೆ ಶುರು ಮಾಡಿದ್ವಿ. ಗೇರು ಡಿ ಯಲ್ಲೇ (ಡ್ರೈವ್, ಗಾಡಿನೇ ಗೇರ್ ಹಾಕ್ಕೊಳ್ಳೋದು), ಕಾಲು ಬ್ರೇಕ್ ಮೇಲೇ. ನಾಕಾರು ತಿರುವು ಆದ್ಮೇಲೆ ಅತ್ತೆ ಎಚ್ಚರಾಗಿ, "ಯಾರೋ ಟಯರ್ ಸುಡ್ತಿದಾರಲ್ಲ" ಅಂದ್ರು. ಟಯರಲ್ಲ, ನಮ್ಮದೇ ಬ್ರೇಕು. ಪೆಡಲೂ ಸ್ವಲ್ಪ ಮೆತ್ತಗಾಗಿತ್ತು. ಸೈಡಿಗೆ ಹಾಕಿ ಮುಕ್ಕಾಲು ಗಂಟೆ ಕೂತ್ವಿ. ಮಂಗಗಳು ಬಂದು ಬಾನೆಟ್ ಮುಟ್ಟಿ ನೋಡಿ ಹೋದ್ವು.

ವಾಪಸ್ ಬಂದು ಕುತೂಹಲಕ್ಕೆ ವೇಬ್ರಿಡ್ಜಿಗೆ ಹತ್ತಿಸಿದ್ವಿ, ಕಾಫಿ ಲಾರಿಗಳ ಸಾಲಲ್ಲಿ ನಿಲ್ಲಿಸಿ. ಚೀಟಿ ಬರೆಯೋ ಹುಡುಗ ತಲೆ ಎತ್ತದೆ "ಖಾಲಿನಾ, ಲೋಡಾ?" ಅಂದ. ಖಾಲಿ ಕಣಪ್ಪ ಅಂದೆ. 1,780 ಬಂತು. "ಇಷ್ಟು ಕುಳ್ಳಗಿದೆ, ಒಳಗೇನ್ ತುಂಬಿದೀರಿ?" ಅಂತ ಎದ್ದು ಬಂದು ನೋಡ್ದ. ನನ್ನ ಜಿಪ್ಸಿ ಸಾವಿರದ ಆಸುಪಾಸು.

ಭಾವ ಈಗ ಹಿಂದಿನ ಸೀಟು, ಸೌಂಡ್ ಸಿಸ್ಟಮ್, ಕಾರ್ಪೆಟ್ ಎಲ್ಲಾ ಕಿತ್ಸಿಬಿಡ್ತೀನಿ, ಹಳೇ ಕಾಲದ ಮಸಲ್ ಕಾರ್ (ದೊಡ್ಡ ಎಂಜಿನ್ನಿನ ಅಮೆರಿಕನ್ ಗಾಡಿ) ಥರ ಆಗುತ್ತೆ ಅಂತ ಕೂತಿದಾರೆ. ತಿಳಿದೋರು ಹೇಳಿ, ಈ ಸುಖ ಸೌಕರ್ಯ ತೆಗೆದ್ರೆ ಗಾಡಿ ನಿಜವಾಗ್ಲೂ ಹಗುರ ಆಗುತ್ತಾ?

ಹಳೇ_ಗ್ಯಾರೇಜ್_ಹಾಸನ:

ತಮ್ಮಾ, ಮೊದ್ಲು ಸ್ಪ್ಯಾನರ್ ಕೆಳಗಿಡೋಕೆ ಹೇಳು ನಿಮ್ಮ ಭಾವಂಗೆ. ತಪ್ಪು ಕಾರಿಂದಲ್ಲ, ಡಿ ಯಲ್ಲಿ ಘಾಟಿ ಇಳಿಸಿದ್ದು.

ಲೆಕ್ಕ ನೋಡು. ಮೂರು ಜನ ಕೂತ್ರೆ ಗಾಡಿ ಎರಡು ಟನ್. 700 ಮೀಟರ್ ಇಳಿತ ಅಂತ ಇಟ್ಕೋ. ಅಷ್ಟು ಭಾರ ಅಷ್ಟು ಇಳಿದ್ರೆ ಹೊರಬರೋ ಶಕ್ತಿ ಕರೆಂಟಿನ ಲೆಕ್ಕದಲ್ಲಿ 3.8 ಯೂನಿಟ್. ಅರ್ಧ ಗಂಟೇಲಿ ಇಳಿದ್ರೆ ಸಾವಿರ ವ್ಯಾಟಿನ ಏಳೆಂಟು ಕಾಯಿಲ್ ಒಟ್ಟಿಗೆ ಉರಿಸಿದಂಗೆ. ಗಾಳಿಗೆ, ಎಂಜಿನ್ನಿಗೆ ಒಂದಷ್ಟು ಹೋಗುತ್ತೆ, ಮಿಕ್ಕಿದ್ದೆಲ್ಲಾ ಬ್ರೇಕ್ ಡಿಸ್ಕಿಗೆ. ನಿನ್ನ ಜಿಪ್ಸಿ ಮೂರು ಜನ ಹೊತ್ತು ಇಳಿದ್ರೆ 2.3 ಯೂನಿಟ್. ಅದೂ ನೀನು ಎರಡನೇ ಗೇರಲ್ಲಿ ಇಳಿಸ್ತೀಯ, ಎಂಜಿನ್ನೇ ಹಿಡ್ಕೊಳ್ಳುತ್ತೆ. ಮಸ್ಟ್ಯಾಂಗಲ್ಲೂ ಸ್ಟೀರಿಂಗ್ ಹಿಂದೆ ಕೈಯಲ್ಲೇ ಗೇರ್ ಬದಲಾಯಿಸೋ ಪ್ಯಾಡಲ್ ಇರುತ್ತೆ. ಎರಡಕ್ಕೆ ಇಳಿಸಿ ಹಿಡಿ.

ಆಮೇಲೆ ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು? ಅದು ಗಾಳಿಯ ತೇವ ಹೀರುತ್ತೆ, ನಿಮ್ಮೂರಲ್ಲಂತೂ ಕೇಳ್ಬೇಡ. ತೇವ ಸೇರಿದ್ರೆ ಬೇಗ ಕುದಿಯುತ್ತೆ, ಗುಳ್ಳೆ ಬರುತ್ತೆ, ಪೆಡಲ್ ಮೆತ್ತಗಾಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು.

ತೂಕದ ವಿಷಯ: 1965ರ ವಿ8 ಮಸ್ಟ್ಯಾಂಗ್ ಸುಮಾರು 1,300 ಕೆಜಿ. ನಿಮ್ಮದಕ್ಕೂ ಅದಕ್ಕೂ ಹತ್ತು ಮೂಟೆ ಕಾಫಿ ವ್ಯತ್ಯಾಸ. ಆದ್ರೆ ಆ ಹತ್ತು ಮೂಟೇಲಿ ಸೀಟು, ಸ್ಪೀಕರ್ ಪಾಲು ಒಂದು ಮೂಟೆ ಇರಬಹುದು ಅಷ್ಟೆ. ಮಿಕ್ಕಿದ್ದು ಏರ್‌ಬ್ಯಾಗು, ಬಾಗಿಲೊಳಗಿನ ಉಕ್ಕು, ಗುದ್ದಿದ್ರೂ ತಡ್ಕೊಳ್ಳೋ ಚೌಕಟ್ಟು. ಚೌಕಟ್ಟು ಭಾರ ಆಯ್ತು ಅಂತ ಎಂಜಿನ್ ಶಕ್ತಿ ಜಾಸ್ತಿ, ಅದಕ್ಕೆ ದೊಡ್ಡ ಬ್ರೇಕು, ಬ್ರೇಕ್ ಕೂರೋಕೆ ದೊಡ್ಡ ವೀಲು. ಒಂದಕ್ಕೊಂದು ಕರ್ಕೊಂಡು ಬರ್ತವೆ, ಮದುವೆ ಮನೆಗೆ ನೆಂಟ್ರು ಬಂದಂಗೆ.

ಅರಕಲಗೂಡು_ಟು_ಡೆಟ್ರಾಯಿಟ್:

ಗ್ಯಾರೇಜ್ ಅಣ್ಣ ಹೇಳಿದ್ದು ಸರಿ. ಇಲ್ಲಿನ ಕಂಪನಿಗಳೇ ಕಿತ್ತು ನೋಡಿದಾವೆ. 2018ರ ಡಾಡ್ಜ್ ಡೀಮನ್ 840 ಕುದುರೆ ಶಕ್ತಿಯ ಗಾಡಿ, ಡ್ರೈವರ್ ಸೀಟು ಬಿಟ್ಟು ಬೇರೆ ಸೀಟೇ ಇರ್ಲಿಲ್ಲ. ಹಿಂದಿನ ಸೀಟು ತೆಗೆದು ಉಳಿಸಿದ್ದು ಸುಮಾರು 25 ಕೆಜಿ, ಪಕ್ಕದ ಸೀಟಿಂದ 26. ಬೇಕಂದ್ರೆ ಒಂದು ಡಾಲರ್ ಕೊಟ್ಟು ಸೀಟು ವಾಪಸ್ ಹಾಕಿಸ್ಕೋಬಹುದಿತ್ತು!

ನಂಗೆ ಇಷ್ಟದ್ದು 2014ರ ಷೆವರ್ಲೆ ಕ್ಯಾಮರೋ ಝಡ್/28. ಎಸಿ ಬೇಕಂದ್ರೆ ಬೇರೆ ದುಡ್ಡು. ಹಿಂದಿನ ಗಾಜು 3.5 ಮಿಲಿಮೀಟರ್ ಇದ್ದಿದ್ದನ್ನ 3.2 ಮಾಡಿದ್ರು. ಸ್ಪೀಕರ್ ಒಂದೇ ಒಂದು ಉಳಿಸಿದ್ರು, ಅದೂ ಹಾಡಿಗಲ್ಲ, ಸೀಟ್‌ಬೆಲ್ಟ್ ಹಾಕ್ಕೊಳ್ಳಿ ಅಂತ ಟಿಣ್ ಟಿಣ್ ಅನ್ನೋಕೆ ಕಾನೂನು ಇದೆ ಅಂತ. ಹಂಗೆ ಗ್ರಾಂ ಗ್ರಾಂ ಹೆಕ್ಕಿದ್ರೂ ಗಾಡಿ 1,700 ಕೆಜಿ ದಾಟಿತ್ತು. ನಿಜವಾಗಿ ತೂಕ ಇಳಿದಿದ್ದು 2016ರಲ್ಲಿ, ಕ್ಯಾಮರೋಗೆ ಪ್ಲಾಟ್‌ಫಾರ್ಮೇ (ಗಾಡಿಯ ತಳಪಾಯ) ಬೇರೆ ಕೊಟ್ಟಾಗ. ಏನೂ ಕೀಳದೆ 90 ಕೆಜಿ ಮೇಲೆ ಕಮ್ಮಿ ಆಯ್ತು.

ಹಳೇ ಕಾಲದ ಕುದುರೆ ಲೆಕ್ಕನೂ ನಂಬ್ಬೇಡಿ. 1972ಕ್ಕೆ ಮುಂಚೆ ಎಂಜಿನ್ ಹೊರಗಿಟ್ಟು, ಡೈನಮೋ ಸೈಲೆನ್ಸರ್ ಹೊರೆ ಇಲ್ಲದೆ ಅಳೀತಿದ್ರು. ಹೊಟ್ಟು ಸಮೇತ ತೂಗಿದ ಮೆಣಸು ಅದು.

ಮುಂದೆ ಇನ್ನೂ ಭಾರನೇ. ಬ್ಯಾಟರೀಲಿ ಓಡೋ ಡಾಡ್ಜ್ ಚಾರ್ಜರ್ ಡೇಟೋನಾ ಕಾರು 2,600 ಕೆಜಿ ಮೇಲಿದೆ. ನೆಟ್ಟಗೆ ಹೋಗುವಾಗ ರಾಕೆಟ್ಟು, ತಿರುವಲ್ಲಿ ಎಮ್ಮೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರ್ಬೇಡಿ.

ಬಿಸಿಲೆ_ಕೆಸರು:

ರ‍್ಯಾಲಿಗೆ ಅಂತ ನಮ್ಮ ಹುಡುಗ್ರು ಜಿಪ್ಸಿ ಒಳಗಿದ್ದಿದ್ದೆಲ್ಲಾ ಕಿತ್ತು ಹಾಕಿದ್ರು. ಆಮೇಲೆ ರೋಲ್ ಕೇಜ್ (ಗಾಡಿ ಮಗುಚಿದ್ರೆ ಕಾಯೋ ಪಂಜರ) ಬೇಕೇಬೇಕು ಅಂತ ಪೈಪ್ ಬೆಸುಗೆ ಹಾಕ್ಸಿದ್ರು. ತೂಕ ಇದ್ದಲ್ಲಿಗೇ ಬಂತು. ಕಾರ್ಪೆಟ್ ಕಿತ್ತ ಗಾಡೀಲಿ ಮಳೆಗಾಲದಲ್ಲಿ ಒಂದು ಗಂಟೆ ಕೂತು ನೋಡ್ಲಿ ನಿಮ್ಮ ಭಾವ.

ನೀರ್‌ದೋಸೆ_ಕೊಟ್ಟಿಗೆಹಾರ:

ಎಲ್ರಿಗೂ ಥ್ಯಾಂಕ್ಸ್. ಸ್ಪ್ಯಾನರ್ ಕೆಳಗಿಟ್ರು. ಅದಕ್ಕೆ ಮುಂಚೆ ಡಿಕ್ಕಿ ಖಾಲಿ ಮಾಡಿ ನೋಡಣ ಅಂತ ತೆಗೆದ್ವಿ: ಮರ ಕೊಯ್ಯೋ ಮೆಷಿನ್ನು, ಅರ್ಧ ಚೀಲ ಮೆಣಸು, ಎರಡು ಕತ್ತಿ, ಗೊಬ್ಬರದ ಸ್ಯಾಂಪಲ್ಲು, ಅಕ್ಕ ಮೂರು ತಿಂಗಳಿಂದ ಹುಡುಕ್ತಿದ್ದ ಕುಕ್ಕರ್. ಕಾಫಿ ತೂಗೋ ತಕ್ಕಡೀಲಿ ಇಟ್ರೆ 43 ಕೆಜಿ. ವೇಬ್ರಿಡ್ಜ್ ಹುಡುಗಂಗೆ ಖಾಲಿ ಅಂತ ಸುಳ್ಳು ಹೇಳಿದಂಗಾಯ್ತು. ಡೀಮನ್ನಿನ ಹಿಂದಿನ ಸೀಟಿಗಿಂತ ಜಾಸ್ತಿ, ಒಂದು ಡಾಲರೂ ಖರ್ಚಿಲ್ಲ.

ಬ್ರೇಕ್ ಆಯಿಲ್ ತೆಗೆಸಿದ್ರೆ ಡಿಕಾಕ್ಷನ್ ಥರ ಇತ್ತು. ಹೊಸದು ಹಾಕ್ಸಿ ಮೊನ್ನೆ ಮತ್ತೆ ಅದೇ ಮೂರು ಜನ ಚಾರ್ಮಾಡಿ ಇಳಿದ್ವಿ, ಎರಡನೇ ಗೇರಲ್ಲಿ, ಉಜಿರೆವರೆಗೂ ನಿಲ್ಲಿಸ್ದೆ. ವಾಸನೆ ಇಲ್ಲ, ಪೆಡಲ್ ಗಟ್ಟಿ. ಎಂಜಿನ್ ಮಾತ್ರ ಘಾಟಿ ಉದ್ದಕ್ಕೂ ಹುಲಿ ಥರ ಗುರ್ರ್ ಅಂತಿತ್ತು, ಭಾವ ಕಿವಿ ತುಂಬಾ ಕೇಳಿಸ್ಕೊಂಡ್ರು.

ಅತ್ತೆ ಮಾತ್ರ ಹೋದ ಸಲ ಗಾಡಿ ಸರಿ ಇತ್ತು, ಈಗ ಏನೋ ಕೆಟ್ಟಿದೆ, ಕಣ್ಣು ಮುಚ್ಚೋಕೆ ಆಗ್ಲಿಲ್ಲ, ರಿಪೇರಿಗೆ ಬಿಡಿ ಅಂತಿದಾರೆ.