ಮಗಳು ಹೈಸ್ಕೂಲಿನ ಕಲರ್ ಗಾರ್ಡ್ ತಂಡ ಸೇರಬೇಕೆನ್ನುತ್ತಿದ್ದಾಳೆ: ಅನುಭವವಿದ್ದವರು ತಿಳಿಸುವಿರಾ?

ಹೇಮಾವತಿ_ತೀರ (ಪ್ರಶ್ನೆ)

ನಮಸ್ಕಾರ. ಡಲ್ಲಾಸ್ ನಗರದ ಉತ್ತರಕ್ಕಿರುವ ಊರೊಂದರಲ್ಲಿ ನಾವಿದ್ದೇವೆ. ಎಂಟನೇ ತರಗತಿಯಲ್ಲಿರುವ ಮಗಳು ಬರುವ ಆಗಸ್ಟ್‌ನಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಮಾರ್ಚಿಂಗ್ ಬ್ಯಾಂಡಿನ ಜೊತೆಯಲ್ಲಿ ಧ್ವಜ ತಿರುಗಿಸುತ್ತ ನರ್ತಿಸುವ ಕಲರ್ ಗಾರ್ಡ್ ತಂಡಕ್ಕೆ ಏಪ್ರಿಲ್ ಕೊನೆಯಲ್ಲಿ ಆಯ್ಕೆ ನಡೆಯುತ್ತದೆಯಂತೆ. ಆ ಒಪ್ಪಿಗೆಪತ್ರವನ್ನು ತಂದು ನನ್ನ ಸಹಿಗಾಗಿ ಕಾದಿದ್ದಾಳೆ.

ಅವಳಿಗೆ ಯಾವ ವಾದ್ಯವೂ ಬಾರದು. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ, ಇನ್ನೆರಡು ವರ್ಷಗಳಲ್ಲಿ ರಂಗಪ್ರವೇಶ ಮಾಡಿಸಬೇಕೆಂಬುದು ನಮ್ಮ ಮನೆಯವರ ಆಸೆ. ಕಲರ್ ಗಾರ್ಡ್ ಎಂದರೆ ಫುಟ್‌ಬಾಲ್ ಪಂದ್ಯದ ಆರಂಭದಲ್ಲಿ ರಾಷ್ಟ್ರಧ್ವಜ ಹಿಡಿದು ನಿಲ್ಲುವ ಮಕ್ಕಳು ಎಂದೇ ನಾನು ತಿಳಿದಿದ್ದೆ, ಈಗ ನೋಡಿದರೆ ಇದು ಬೇರೆಯೇ ಲೋಕದಂತಿದೆ. ಆಯ್ಕೆಯಲ್ಲಿ ಏನನ್ನು ನೋಡುತ್ತಾರೆ, ಓದಿಗೆ ಎಷ್ಟು ಹೊಡೆತ ಬೀಳುತ್ತದೆ, ಧ್ವಜದಂತೆಯೇ ತಿರುಗಿಸುವ ಮರದ ಬಂದೂಕು ಎಸೆಯುವುದರಿಂದ ಪೆಟ್ಟಾಗುವ ಭಯವಿದೆಯೇ, ಖರ್ಚು ಎಷ್ಟಾಗಬಹುದು ಎಂಬುದನ್ನು ಮಕ್ಕಳನ್ನು ಕಳಿಸಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಮಲ್ನಾಡ್_ಅಮ್ಮ

ನಮಸ್ಕಾರ ಸರ್. ನನ್ನ ದೊಡ್ಡ ಮಗಳು ಇದೇ ಪ್ರದೇಶದ ಶಾಲೆಯೊಂದರಲ್ಲಿ ನಾಲ್ಕನೇ ವರ್ಷ ಗಾರ್ಡ್‌ನಲ್ಲಿದ್ದಾಳೆ. ಮೊದಲು ನಿಮ್ಮ ಗೊಂದಲವನ್ನು ಬಗೆಹರಿಸುತ್ತೇನೆ. ರಾಷ್ಟ್ರಧ್ವಜ ಹಿಡಿದು ನಿಲ್ಲುವವರು ಸಾಮಾನ್ಯವಾಗಿ ಜೆಆರ್‌ಒಟಿಸಿ ಮಕ್ಕಳು. ಅದು ಸೇನಾ ಶಿಸ್ತಿನ ಬೇರೆಯದೇ ಕಾರ್ಯಕ್ರಮ, ಒಂದೇ ಶಾಲೆಯಲ್ಲಿ ಎರಡೂ ಇರಬಹುದು. ಬ್ಯಾಂಡಿನ ಗಾರ್ಡ್‌ಗೂ ಮೂಲ ಸೈನ್ಯದ್ದೇ. ಮಹಾಯುದ್ಧಗಳಿಂದ ಮರಳಿದ ಯೋಧರ ಸಂಘಗಳು ನಡೆಸುತ್ತಿದ್ದ ಡ್ರಮ್ ಕೋರ್ ಎಂಬ ವಾದ್ಯತಂಡಗಳಲ್ಲಿ ಧ್ವಜದ ಕಾವಲಿಗೆ ಬಂದೂಕು, ಕತ್ತಿ ಹಿಡಿದು ನಡೆಯುವ ತುಕಡಿ ಇರುತ್ತಿತ್ತು. ಆ ಧ್ವಜ, ಬಂದೂಕು, ಕತ್ತಿಗಳೇ ಕ್ರಮೇಣ ನೃತ್ಯದ ಪರಿಕರಗಳಾದವು.

ವರ್ಷದ ಓಟ ಹೀಗಿರುತ್ತದೆ. ಜುಲೈ ಕೊನೆಯಲ್ಲೋ ಆಗಸ್ಟ್ ಮೊದಲಲ್ಲೋ ಬೇಸಿಗೆ ಶಿಬಿರ ಆರಂಭವಾಗುತ್ತದೆ. ಫುಟ್‌ಬಾಲ್ ಮೈದಾನದ ಗೆರೆಗಳನ್ನು ಬಳಿದಿರುವ ಡಾಂಬರು ಪಾರ್ಕಿಂಗ್ ಜಾಗದಲ್ಲಿ, ಟೆಕ್ಸಸ್ ಬಿಸಿಲಿನಲ್ಲಿ, ಪ್ರತಿಯೊಬ್ಬರೂ ತಮಗೆ ಕೊಟ್ಟ ಚುಕ್ಕೆಯಿಂದ ಚುಕ್ಕೆಗೆ ಎಣಿಕೆ ತಪ್ಪದೆ ನಡೆಯುವುದನ್ನು ಕಲಿಯುತ್ತಾರೆ. ಟೋಪಿ, ದೊಡ್ಡ ನೀರಿನ ಜಗ್ಗು, ಸನ್‌ಸ್ಕ್ರೀನ್ ಇಲ್ಲದೆ ಕಳಿಸಲೇಬೇಡಿ. ಶಾಲೆ ಶುರುವಾದ ಮೇಲೆ ಶುಕ್ರವಾರ ಪಂದ್ಯ, ಶನಿವಾರ ಸ್ಪರ್ಧೆ. ಅಕ್ಟೋಬರ್‌ನಲ್ಲಿ ಟೆಕ್ಸಸ್ ಶಾಲೆಗಳ ನಡುವಿನ ಸ್ಪರ್ಧೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ಪ್ರಾದೇಶಿಕ ಸ್ಪರ್ಧೆ ಇರುತ್ತದೆ. ಮೇಲಕ್ಕೆ ಹೋದ ಬ್ಯಾಂಡುಗಳಿಗೆ ನವೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊದ ಅಲಾಮೊಡೋಮ್‌ನಲ್ಲಿ ರಾಜ್ಯಮಟ್ಟದ ಸ್ಪರ್ಧೆ. ನವರಾತ್ರಿ, ದೀಪಾವಳಿ, ಕನ್ನಡ ಸಂಘದ ರಾಜ್ಯೋತ್ಸವ ಎಲ್ಲವೂ ಈ ಋತುವಿನ ನಡುವೆಯೇ ಬರುತ್ತವೆಂಬುದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಕೆಲಸವೆಲ್ಲ ಚಿಕ್ಕವಳ ಪಾಲಾಗಿದೆ.

ಶಾಲೆ ನಡೆಯುವ ವಾರಗಳಲ್ಲಿ ತರಗತಿಯ ಹೊತ್ತಿನ ಹೊರಗೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದೆಂದು ಯುಐಎಲ್ ನಿಯಮವಿದೆ. ಆದರೆ ಪ್ರದರ್ಶನವೂ ಪ್ರಯಾಣವೂ ಆ ಲೆಕ್ಕಕ್ಕೆ ಸೇರುವುದಿಲ್ಲ, ಆದ್ದರಿಂದ 8 ಗಂಟೆ ಎಂಬ ಅಂಕಿಯನ್ನು ನಂಬಿ ಕುಳಿತರೆ ಶನಿವಾರ ಮಧ್ಯರಾತ್ರಿ ಶಾಲೆಯ ಪಾರ್ಕಿಂಗ್‌ನಲ್ಲಿ ಬಸ್ಸಿಗಾಗಿ ಕಾಯುವಾಗ ಬೇಸರವಾದೀತು.

ಖರ್ಚು ಶಾಲೆಯಿಂದ ಶಾಲೆಗೆ ಬಹಳ ವ್ಯತ್ಯಾಸವಾಗುತ್ತದೆ. ಬ್ಯಾಂಡ್ ಶುಲ್ಕ, ಕೈಗವಸು, ಬೂಟು, ಉಡುಪು, ಮೇಕಪ್ ಸೇರಿ ಕೆಲವು ನೂರು ಡಾಲರ್ ಅಂತೂ ಆಗಿಯೇ ಆಗುತ್ತದೆ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಪ್ರದರ್ಶಿಸುವ ವಿಂಟರ್ ಗಾರ್ಡ್ ತಂಡಕ್ಕೂ ಸೇರಿದರೆ ಸಾವಿರ ದಾಟುವುದು ಅಪರೂಪವಲ್ಲ. ಕಂತಿನಲ್ಲಿ ಕಟ್ಟುವ ವ್ಯವಸ್ಥೆಯೂ ಸಹಾಯಧನವೂ ಇವೆಯೇ ಎಂದು ಪೋಷಕರ ಬೂಸ್ಟರ್ ಸಂಘದವರನ್ನು ಕೇಳಿ, ಸಂಕೋಚ ಬೇಡ. ಸ್ಪರ್ಧೆಯ ದಿನದ ಊಟಕ್ಕೆ ಸಸ್ಯಾಹಾರಿಗಳು ಮೊದಲೇ ಹೆಸರು ಕೊಡಬೇಕು, ಇಲ್ಲವಾದರೆ ಚಿಪ್ಸ್ ಪೊಟ್ಟಣವೇ ಗತಿ.

ಕೊಳಲು_ಬಾರದವಳು

ನಾನು ನಾಲ್ಕು ವರ್ಷ ಹೈಸ್ಕೂಲಿನ ಗಾರ್ಡ್‌ನಲ್ಲಿದ್ದೆ, ಈಗ ಕಾಲೇಜಿನಲ್ಲಿದ್ದೇನೆ. ಆಯ್ಕೆಯ ಬಗ್ಗೆ ಮತ್ತು ಪೆಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ, ಅಂಕಲ್.

ಹೆಚ್ಚಿನ ಶಾಲೆಗಳಲ್ಲಿ ಆಯ್ಕೆಗೆ ಬರುವ ಹೊಸಬರಿಗೆ ಏನೂ ಗೊತ್ತಿರುವುದಿಲ್ಲ, ಗೊತ್ತಿರಬೇಕೆಂದು ತರಬೇತುದಾರರು ಬಯಸುವುದೂ ಇಲ್ಲ. ಕೆಲವು ದಿನ ಸಂಜೆ ಕಲಿಸಿ, ಕೊನೆಯ ದಿನ ಮೂರು ನಾಲ್ಕು ಜನರ ಗುಂಪುಗಳಲ್ಲಿ ಮಾಡಿಸಿ ನೋಡುತ್ತಾರೆ. ಮೊದಲು ಕಲಿಸುವುದು ಡ್ರಾಪ್ ಸ್ಪಿನ್. ಸುಮಾರು ಆರು ಅಡಿ ಉದ್ದದ ಅಲ್ಯುಮಿನಿಯಂ ಕೋಲನ್ನು ಮೈಯ ಮುಂದೆ ನೆಟ್ಟಗೆ ಹಿಡಿದು, ಬಟ್ಟೆಯಿರುವ ತುದಿಯನ್ನು ಕೆಳಕ್ಕೆ ಬಿಟ್ಟು ಪೂರ್ತಿ ಸುತ್ತಿಸಬೇಕು. ಕೋಲು ತಲೆಕೆಳಗಾಗುವ ಹೊತ್ತಿಗೆ ಎಡಗೈ ಹೆಬ್ಬೆರಳನ್ನು ಕೆಳಮುಖ ಮಾಡಿ ಬಂದು ಹಿಡಿಯಬೇಕು, ಬಲಗೈ ಬಿಟ್ಟು ಮತ್ತೆ ಸೇರಬೇಕು. ಹೊಸಬರೆಲ್ಲ ಹೆಬ್ಬೆರಳನ್ನು ಮೇಲ್ಮುಖವಾಗಿಯೇ ಇಟ್ಟು, ಮಣಿಕಟ್ಟು ತಿರುಚಿಕೊಂಡು ನಿಂತುಬಿಡುತ್ತಾರೆ. ಕೋಲಿನ ಮಧ್ಯಭಾಗಕ್ಕೂ ಬಟ್ಟೆ ಮುಗಿಯುವ ಕಡೆಗೂ ಎಲೆಕ್ಟ್ರಿಕಲ್ ಟೇಪ್ ಸುತ್ತಿರುತ್ತಾರೆ. ಕಣ್ಣು ಎದುರಿಗಿರಬೇಕು, ಕೈ ಆ ಟೇಪನ್ನು ತಾನಾಗಿಯೇ ಹುಡುಕಿಕೊಳ್ಳಬೇಕು. ಒಳಾಂಗಣದಲ್ಲಿ ಸಲೀಸಾಗಿ ಬಂದದ್ದು ಮೈದಾನದ ಗಾಳಿಯಲ್ಲಿ ಬರುವುದಿಲ್ಲ, ಏಕೆಂದರೆ ಬಟ್ಟೆ ಗಾಳಿಯನ್ನು ತುಂಬಿಕೊಂಡು ಕೋಲನ್ನೇ ಎಳೆಯತೊಡಗುತ್ತದೆ.

ತರಬೇತುದಾರರ ಕಣ್ಣು ನಿಜವಾಗಿ ಇರುವುದು ಬೇರೆ ಕಡೆ. ಧ್ವಜ ಬಿದ್ದಾಗ ಹುಡುಗಿ ಮುಖ ಸಿಂಡರಿಸಿ ನಗುತ್ತಾಳೋ, ಅಥವಾ ಎತ್ತಿಕೊಂಡು ಮುಂದಿನ ಎಣಿಕೆಗೆ ಸೇರಿಕೊಳ್ಳುತ್ತಾಳೋ. ಸೋಮವಾರ ತಿದ್ದಿದ್ದನ್ನು ಮಂಗಳವಾರಕ್ಕೆ ಉಳಿಸಿಕೊಂಡಿದ್ದಾಳೋ. ಸಾಲಿನ ಹಿಂದೆ ಅಡಗುತ್ತಾಳೋ ಎಂಬುದನ್ನು ಗಮನಿಸುತ್ತಾರೆ. ಕಪ್ಪು, ಮೈಗೆ ಹೊಂದುವ ಉಡುಪು ತೊಟ್ಟು, ಕೂದಲನ್ನು ಬಿಗಿಯಾಗಿ ಕಟ್ಟಿ, ಬಳೆ, ಉಂಗುರ, ಸರ ತೆಗೆದು ಹೋಗಲಿ.

ಬಂದೂಕನ್ನು ಮೊದಲ ವರ್ಷದವರ ಕೈಗೆ ಕೊಡುವುದು ಕಡಿಮೆ. ಅದು ಮರದಲ್ಲಿ ಕೊರೆದ ಆಕಾರವಷ್ಟೆ, ಹೆಚ್ಚಾಗಿ 36 ಇಂಚು ಉದ್ದ, ಮರ ಸೀಳದಿರಲೆಂದು ಮೇಲೆಲ್ಲ ಬಿಳಿ ಟೇಪು. ಕತ್ತಿ ಲೋಹದ್ದಾದರೂ ಅದಕ್ಕೆ ಹರಿತವಿಲ್ಲ. ಬಂದೂಕನ್ನು ಹಿಡಿಯುವಾಗ ಚಟ್ ಎಂದು ಅಂಗೈಗೆ ಬಡಿಯುತ್ತದೆ, ಮುಂಗೈ ಮೇಲೆ ನೀಲಿಗಟ್ಟುತ್ತದೆ, ಬೆರಳು ಉಳುಕಬಹುದು. ತಲೆಗೆ ಬಿದ್ದರೆ ಅದು ಆಟವಲ್ಲ, ಆ ದಿನದ ಅಭ್ಯಾಸ ಅಲ್ಲಿಗೇ ನಿಲ್ಲಬೇಕು, ತಲೆಪೆಟ್ಟಿನ ಪರೀಕ್ಷೆ ಆಗಬೇಕು. ಒಳ್ಳೆಯ ತರಬೇತುದಾರರು ಕೆಟ್ಟ ಎಸೆತವನ್ನು ಬೆನ್ನಟ್ಟಬೇಡಿ, ಸರಿದು ನಿಂತು ಬೀಳಲು ಬಿಡಿ ಎಂದು ಮೊದಲ ದಿನವೇ ಕಲಿಸುತ್ತಾರೆ. ಒಂದು ಸುತ್ತಿನ ಎಸೆತ ಗಟ್ಟಿಯಾಗದೆ ಎರಡಕ್ಕೆ, ಎರಡು ಗಟ್ಟಿಯಾಗದೆ ಮೂರಕ್ಕೆ ಬಿಡುವುದಿಲ್ಲ. ಹಾಗೆ ಕಲಿಸದ ತಂಡವಾದರೆ ನೀವು ಹೆದರುವುದು ಸರಿಯೇ.

ಲೆಕ್ಕಿಗ_ಪ್ಲೇನೋ

ನಾನು ತುಸು ಭಿನ್ನವಾಗಿ ಯೋಚಿಸುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬಾರದು. ಚಟುವಟಿಕೆ ಒಳ್ಳೆಯದೇ. ಆದರೆ ಟೆಕ್ಸಸ್‌ನಲ್ಲಿ ತರಗತಿಯ ರ‍್ಯಾಂಕಿಗೆ ಇರುವ ಮಹತ್ವವನ್ನು ಮರೆಯಬಾರದು. ಪ್ರತಿ ಹೈಸ್ಕೂಲಿನ ಮೇಲಿನ ಶೇಕಡಾ 10ರೊಳಗಿನವರಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವೆಂದು 1997ರ ಶಾಸನ ಹೇಳುತ್ತದೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯವಂತೂ 2026ರ ಪ್ರವೇಶದಿಂದ ಅದನ್ನು ಶೇಕಡಾ 5ಕ್ಕೆ ಇಳಿಸಿದೆ. ಗಾರ್ಡ್ ಒಂದು ಪೀರಿಯಡ್ ಪಾಠವಾಗಿಯೇ ವೇಳಾಪಟ್ಟಿಯಲ್ಲಿ ಕೂರುತ್ತದೆ. ಅದಕ್ಕೆ ಕಾಲೇಜು ಮಟ್ಟದ ಎಪಿ ಅಥವಾ ಹೆಚ್ಚು ಕಠಿಣವಾದ ಆನರ್ಸ್ ಪಾಠಗಳಿಗಿರುವ ಹೆಚ್ಚುವರಿ ತೂಕ ಇರುವುದಿಲ್ಲ. ಕೆಲವು ಶಾಲಾ ಜಿಲ್ಲೆಗಳು ಇಂಥ ಪಾಠಗಳನ್ನು ರ‍್ಯಾಂಕಿನ ಲೆಕ್ಕದಿಂದಲೇ ಹೊರಗಿಡುತ್ತವೆ, ಕೆಲವು ಸೇರಿಸುತ್ತವೆ. ಸೇರಿಸುವ ಜಿಲ್ಲೆಯಾದರೆ ನೂರಕ್ಕೆ ನೂರು ಬಂದರೂ ಸರಾಸರಿ ಕೆಳಗೆ ಬರುತ್ತದೆ. ನಿಮ್ಮ ಜಿಲ್ಲೆಯದು ಯಾವ ಪದ್ಧತಿಯೆಂದು ಶಾಲೆಯ ಕೌನ್ಸೆಲರ್ ಬಳಿ ಕೇಳಿ ತಿಳಿದ ಮೇಲೆಯೇ ಸಹಿ ಹಾಕಿ ಎನ್ನುತ್ತೇನೆ.

ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಅಂಕ ಬಂದರೆ ಸ್ಪರ್ಧೆಯಲ್ಲಿ ಭಾಗವಹಿಸುವಂತಿಲ್ಲವೆಂಬ ರಾಜ್ಯದ ನಿಯಮವೂ ಇದೆ. ನಮ್ಮ ಮಕ್ಕಳಿಗೆ ಅದು ಅಷ್ಟಾಗಿ ತಟ್ಟಲಾರದು. ತಟ್ಟುವುದು ನಿದ್ದೆಯ ಕೊರತೆ.

ಮಲ್ನಾಡ್_ಅಮ್ಮ

ರ‍್ಯಾಂಕಿನ ಮಾತು ಸರಿ, ಕೇಳಿಯೇ ತಿಳಿದುಕೊಳ್ಳಬೇಕಾದ ಸಂಗತಿ. ಆದರೆ ಹೈಸ್ಕೂಲಿನಲ್ಲಿ ಹೇಗೂ ದೈಹಿಕ ಶಿಕ್ಷಣದ ಕ್ರೆಡಿಟ್ ಪಡೆಯಲೇಬೇಕು. ಮಾರ್ಚಿಂಗ್ ಬ್ಯಾಂಡಿನಲ್ಲಿದ್ದವರಿಗೆ ಅದನ್ನೇ ಆ ಕ್ರೆಡಿಟ್ ಆಗಿ ಪರಿಗಣಿಸಲು ಟೆಕ್ಸಸ್ ಜಿಲ್ಲೆಗಳಿಗೆ ಅವಕಾಶವಿದೆ. ಆದ್ದರಿಂದ ಮೊದಲ ವರ್ಷ ನಿಜವಾಗಿ ಕಳೆದುಕೊಳ್ಳುವುದು ಅವರು ಅಂದುಕೊಂಡಷ್ಟಿರಲಾರದು. ಗಾರ್ಡ್ ಮಕ್ಕಳಿಗೂ ಇದು ಅನ್ವಯಿಸುತ್ತದೆಯೇ ಎಂದು ಅದೇ ಕೌನ್ಸೆಲರನ್ನು ಅದೇ ಭೇಟಿಯಲ್ಲಿ ಕೇಳಿಬಿಡಿ.

ತಟ್ಟುಕಳಿ

ನಾನು ಹೂಸ್ಟನ್ ಬಳಿ ಭರತನಾಟ್ಯ ಕಲಿಸುತ್ತೇನೆ. ನನ್ನ ವಿದ್ಯಾರ್ಥಿನಿಯರಲ್ಲಿ ಕೆಲವರು ಗಾರ್ಡ್‌ಗೆ ಹೋಗಿದ್ದಾರೆ, ಆದ್ದರಿಂದ ಎರಡು ಮಾತು.

ನಿಮ್ಮ ಮಗಳಿಗೆ ಲಯ ದೊಡ್ಡ ಆಸ್ತಿ. ಮೈದಾನದಲ್ಲಿ ಧ್ವನಿವರ್ಧಕದಿಂದ ಕೇಳುವ ಮೆಟ್ರೋನೋಮ್ ಟಕ್ ಟಕ್ ಎನ್ನುತ್ತಿದ್ದರೆ ಎಂಟರ ಎಣಿಕೆ ಅವಳಿಗೆ ನೀರು ಕುಡಿದಷ್ಟು ಸುಲಭ. ಅರಮಂಡಿಯಲ್ಲಿ ಮಂಡಿಗಳನ್ನು ಹೊರಕ್ಕೆ ತೆರೆದು ಕೂತ ಕಾಲಿಗೆ ಬ್ಯಾಲೆಯಲ್ಲಿ ಮಂಡಿ ಬಗ್ಗಿಸುವ ಪ್ಲಿಯೇ ಹೊಸದೆನಿಸದು. ಎಡವುವುದು ಎಲ್ಲಿ ಎಂದರೆ, ನಾವು ಪಾದವನ್ನು ಪೂರ್ತಿ ನೆಲಕ್ಕೆ ತಟ್ಟಿ ಭಾರವನ್ನು ಕೆಳಕ್ಕೆ ಬಿಡುತ್ತೇವೆ. ಅಲ್ಲಿ ಹಿಮ್ಮಡಿ ಎತ್ತಿ, ಬೆರಳು ಚಾಚಿ, ಸದ್ದಿಲ್ಲದೆ ಜಾರುವಂತೆ ಓಡಬೇಕು, ನೆಲದ ಮೇಲೆ ಉರುಳಲೂಬೇಕು. ನಮ್ಮಲ್ಲಿ ಸೆಟೆದು ನಿಲ್ಲುವ ಬೆನ್ನು ಅಲ್ಲಿ ಬಾಗಬೇಕು. ಮೊದಲ ತಿಂಗಳುಗಳಲ್ಲಿ ಹುಡುಗಿಯರು ಎರಡನ್ನೂ ಬೆರೆಸಿಕೊಂಡು ಇಲ್ಲಿ ನನ್ನಿಂದಲೂ ಅಲ್ಲಿ ಅವರಿಂದಲೂ ಬೈಸಿಕೊಳ್ಳುತ್ತಾರೆ, ಆಮೇಲೆ ಮೈಯೇ ದಾರಿ ಕಂಡುಕೊಳ್ಳುತ್ತದೆ.

ರಂಗಪ್ರವೇಶವನ್ನು ಮಾತ್ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಇಟ್ಟುಕೊಳ್ಳಬೇಡಿ. ಜೂನ್‌ನಲ್ಲಿ ಇಟ್ಟುಕೊಂಡು, ಆ ಹಿಂದಿನ ಚಳಿಗಾಲದಲ್ಲಿ ವಿಂಟರ್ ಗಾರ್ಡ್ ಬಿಟ್ಟರೆ ಎರಡೂ ನಡೆಯುತ್ತವೆ. ಗುರುಗಳಿಗೆ ಈಗಲೇ ತಿಳಿಸಿ. ನವೆಂಬರ್‌ನಲ್ಲಿ ಹಠಾತ್ತನೆ ತಿಳಿದಾಗ ನಮಗೆ ಕೋಪ ಬರುವುದು ಸಹಜ.

ಹೇಮಾವತಿ_ತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ಕೌನ್ಸೆಲರ್ ಜೊತೆ ಭೇಟಿಗೆ ಸಮಯ ಕೇಳಿದ್ದೇನೆ. ಇನ್ನೆರಡು ಸಂದೇಹಗಳಿವೆ. ವಿಂಟರ್ ಗಾರ್ಡ್ ಕಡ್ಡಾಯವೇ? ಉಡುಪು ತೀರ ಮೈಗಂಟಿದಂತಿರುತ್ತದೆಂದು ನನ್ನ ತಾಯಿಯವರಿಗೆ ಕಸಿವಿಸಿ, ಅದಕ್ಕೆ ಏನಾದರೂ ದಾರಿಯುಂಟೇ?

ಕೊಳಲು_ಬಾರದವಳು

ವಿಂಟರ್ ಗಾರ್ಡ್ ಸಾಮಾನ್ಯವಾಗಿ ಐಚ್ಛಿಕ, ಅದಕ್ಕೆ ಪ್ರತ್ಯೇಕ ಆಯ್ಕೆಯೂ ಇರುತ್ತದೆ. ಬ್ಯಾಂಡ್ ಇಲ್ಲದೆ, ಧ್ವನಿಮುದ್ರಿತ ಸಂಗೀತಕ್ಕೆ, ಜಿಮ್ನೇಸಿಯಂ ನೆಲದ ಮೇಲೆ ದೊಡ್ಡ ವಿನೈಲ್ ಹಾಸು ಹರಡಿಕೊಂಡು ಮಾಡುವ ಕೆಲವೇ ನಿಮಿಷಗಳ ಪ್ರದರ್ಶನವದು. ನಿಮ್ಮ ಭಾಗದಲ್ಲಿ ನಾರ್ತ್ ಟೆಕ್ಸಸ್ ಕಲರ್ ಗಾರ್ಡ್ ಅಸೋಸಿಯೇಷನ್ ಸ್ಪರ್ಧೆಗಳನ್ನು ನಡೆಸುತ್ತದೆ. ರಾಷ್ಟ್ರಮಟ್ಟದಲ್ಲಿ 1977ರಲ್ಲಿ ಸ್ಥಾಪನೆಯಾದ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ಇದೆ, ಅದರ ಅಂತಿಮ ಸ್ಪರ್ಧೆ ಏಪ್ರಿಲ್‌ನಲ್ಲಿ ಒಹಾಯೋದ ಡೇಟನ್‌ನಲ್ಲಿ. ಅಲ್ಲಿ ಪರಿಕರ, ಚಲನೆ, ವಿನ್ಯಾಸ, ಒಟ್ಟು ಪರಿಣಾಮ ಎಂದು ಬೇರೆ ಬೇರೆ ತೀರ್ಪುಗಾರರು ಅಂಕ ಕೊಡುತ್ತಾರೆ. ಧ್ವಜ ಬಿದ್ದೊಡನೆ ಎಲ್ಲ ಮುಗಿಯಿತೆಂದೇನೂ ಅಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೌಶಲ ನಿಜವಾಗಿ ಬೆಳೆಯುವುದು ಚಳಿಗಾಲದಲ್ಲೇ, ಆದರೂ ಮೊದಲ ವರ್ಷ ಮೈದಾನದ ಋತು ಒಂದನ್ನೇ ಮಾಡಿ ನೋಡಲಿ. ಎರಡನ್ನೂ ಒಟ್ಟಿಗೆ ಒಪ್ಪಿಕೊಂಡ ಹೊಸಬರು ಫೆಬ್ರವರಿಗೆ ಬಳಲಿ ಹೋಗುವುದನ್ನು ಕಂಡಿದ್ದೇನೆ.

ಉಡುಪು ಹೆಚ್ಚಾಗಿ ತುಂಬುತೋಳಿನದು, ಪಾದದವರೆಗೆ ಇರುವಂಥದ್ದು, ಆದರೆ ಮೈಗೆ ಹೊಂದಿಕೊಂಡೇ ಇರುತ್ತದೆ. ಸಡಿಲ ಬಟ್ಟೆಗೆ ಕೋಲು ಸಿಕ್ಕಿಕೊಳ್ಳುತ್ತದೆ. ಒಳಗೆ ಲಿಯೊಟಾರ್ಡ್ ಎಂಬ, ಮೈಗಂಟುವ ಮೈಬಣ್ಣದ ಉಡುಪು ತೊಡುವುದರಿಂದ ಎಲ್ಲರ ನಡುವೆ ಬಟ್ಟೆ ಬದಲಿಸುವ ಮುಜುಗರ ಕಡಿಮೆಯಾಗುತ್ತದೆ. ಪೋಷಕರ ಸಭೆಯಲ್ಲಿ ಕಳೆದ ವರ್ಷದ ಉಡುಪಿನ ಚಿತ್ರ ತೋರಿಸಿ ಎಂದು ಕೇಳಿ, ಕುತ್ತಿಗೆಯ ಭಾಗ ಮುಚ್ಚಬೇಕೆಂದರೆ ಅಳತೆ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಅಜ್ಜಿಯವರಿಗೆ ಒಂದು ಶುಕ್ರವಾರದ ಪಂದ್ಯಕ್ಕೆ ಟಿಕೆಟ್ ತೆಗೆಸಿ. ಗಾರ್ಡ್ ಕಾಣಬೇಕಾದರೆ ಮುಂದಿನ ಸಾಲು ಬೇಡ, ಮಧ್ಯದ 50 ಗಜದ ಗೆರೆಗೆ ನೇರವಾಗಿ ಮೇಲಿನ ಸಾಲಿನಲ್ಲಿ ಕೂರಿಸಿ.