ಹತ್ತಿರ ಹೋದರೆ ದೂರ ಸರಿಯುವ ಮಗು: ಓದುಗರ ಸ್ಪಂದನ

ಕಳೆದ ಸಂಚಿಕೆಯ ಪ್ರಶ್ನೆ: ಅಕ್ಕ ತೀರಿಕೊಂಡ ಮೇಲೆ ಅವಳ ಏಳು ವರ್ಷದ ಮಗಳು ನಮ್ಮ ಮನೆಯಲ್ಲಿದ್ದಾಳೆ. ಅಪ್ಪ ಅಮ್ಮನನ್ನು ಹೊಡೆಯುವುದನ್ನು ನೋಡುತ್ತಲೇ ಬೆಳೆದವಳು, ತಾನೂ ಏಟು ತಿಂದವಳು. ಮುಟ್ಟಿದರೆ ಮೈ ಬಿಗಿ ಹಿಡಿಯುತ್ತಾಳೆ. ದಿಂಬಿನ ಕೆಳಗೆ ತಿಂಡಿ ಬಚ್ಚಿಡುತ್ತಾಳೆ, ಕೇಳಿದರೆ ಇಲ್ಲ ಅನ್ನುತ್ತಾಳೆ. ಗುರುತಿಲ್ಲದವರ ಕೈ ಹಿಡಿದು ನಗುತ್ತಾಳೆ, ನನ್ನ ಹತ್ತಿರ ಮಾತ್ರ ಬರುವುದಿಲ್ಲ. ಒಂದು ದಿನ ಚೆನ್ನಾಗಿದ್ದರೆ ಮರುದಿನ ಕೈಗೆ ಸಿಕ್ಕಿದ್ದನ್ನು ಒಡೆಯುತ್ತಾಳೆ. ಇನ್ನೆಷ್ಟು ಪ್ರೀತಿ ಕೊಡಬೇಕು? ಒಬ್ಬ ಚಿಕ್ಕಮ್ಮ

•

ಚಿಕ್ಕಮ್ಮನವರೇ, ಪ್ರೀತಿ ಇರಲಿ. ಅದನ್ನು ತೋರಿಸುವುದನ್ನು ಸ್ವಲ್ಪ ಕಡಿಮೆ ಮಾಡಿ.

ನನ್ನ ಮಗ ದತ್ತು ಬಂದಾಗ ಅವನಿಗೆ ಐದು ವರ್ಷ. ಪ್ರೀತಿಯಿಂದ ಮಾತಾಡುವ ದೊಡ್ಡವರನ್ನು ಅಷ್ಟರಲ್ಲೇ ಸಾಕಷ್ಟು ನೋಡಿದ್ದ. ಮುದ್ದು ಮಾಡಿದ ಕೈಯೇ ಆಮೇಲೆ ಹೊಡೆಯುತ್ತದೆ ಅನ್ನುವುದೂ ಅವನಿಗೆ ಗೊತ್ತಿತ್ತು. ನಾನು ಮುದ್ದು ಮಾಡಿದಷ್ಟೂ, ಇದರ ಹಿಂದೆ ಏನಿದೆಯೋ ಎಂದು ಗಾಬರಿಯಾಗುತ್ತಿದ್ದ. ಇಂಥ ಮಕ್ಕಳು ಮಾತನ್ನು ನಂಬುವುದಿಲ್ಲ. ಹೇಳಿದ್ದು ಹೇಳಿದ ಹಾಗೆ ನಡೆಯುತ್ತದಾ ಅಂತ ನೋಡುತ್ತಿರುತ್ತಾರೆ.

ಹಾಗಾಗಿ ನಾವು ಮಾಡಿದ್ದೆಲ್ಲ ಬಹಳ ಸಪ್ಪೆ ಕೆಲಸ. ಏಳುವುದು, ಉಣ್ಣುವುದು, ಮಲಗುವುದು ದಿನಾ ಒಂದೇ ಹೊತ್ತಿಗೆ. ನಾಳೆ ಏನೇನಿದೆ ಎಂದು ಹಿಂದಿನ ರಾತ್ರಿಯೇ ಹೇಳುವುದು. ಆರು ಗಂಟೆಗೆ ಬರುತ್ತೇನೆ ಅಂದರೆ ಆರಕ್ಕೆ ಬಂದುಬಿಡುವುದು, ತಡವಾದರೆ ಮೊದಲೇ ಫೋನ್ ಮಾಡುವುದು. ಅವನ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗುವುದು. ಬೆನ್ನ ಹಿಂದಿನಿಂದ ಹೋಗಿ ಮುಟ್ಟದಿರುವುದು.

ಮುಟ್ಟುವ ವಿಚಾರ ಅವಳಿಗೇ ಬಿಡಿ. ಮಲಗುವ ಹೊತ್ತಿಗೆ ‘ಇವತ್ತು ಅಪ್ಪಿಕೊಳ್ಳೋದಾ, ಕೈ ಕುಲುಕೋದಾ, ಸುಮ್ನೆ ಟಾಟಾನಾ?’ ಎಂದು ಕೇಳಿ. ನನ್ನ ಮಗ ತಿಂಗಳುಗಟ್ಟಲೆ ಟಾಟಾ ಅಂದ. ಒಂದು ರಾತ್ರಿ ಹೊದಿಕೆಯೊಳಗಿಂದ ಕಿರುಬೆರಳು ಹೊರಗೆ ಬಂತು. ನಾನೂ ಕಿರುಬೆರಳು ತಾಗಿಸಿ, ದೀಪ ಆರಿಸಿ ಬಂದೆ. ಆಗ ಖುಷಿಗೆ ತಬ್ಬಿಕೊಂಡಿದ್ದರೆ ಎಲ್ಲ ಕೆಡುತ್ತಿತ್ತು.

ಎದುರು ಕೂರಿಸಿಕೊಂಡು ಮಾತಾಡಿಸಬೇಡಿ. ಪಕ್ಕದಲ್ಲಿ ಕೂತು ಬಟ್ಟೆ ಮಡಚಿ, ಚಿತ್ರ ಬಿಡಿಸಿ. ಮುಖ ನೋಡಬೇಕಾದ ಕಷ್ಟ ಇಲ್ಲದಾಗ ಮಾತು ತಾನಾಗಿ ಬರುತ್ತದೆ.

ತಿಂಡಿ ಬಚ್ಚಿಡುವುದನ್ನು ಕಳ್ಳತನ ಅಂದುಕೊಳ್ಳಬೇಡಿ. ನಾಳೆ ಊಟ ಸಿಗದಿದ್ದರೆ ಅನ್ನುವ ಲೆಕ್ಕಾಚಾರ ಅದು. ಮುಚ್ಚಳ ಇರುವ ಒಂದು ಡಬ್ಬಿಗೆ ಅವಳ ಹೆಸರು ಬರೆದು ಕೊಡಿ. ‘ಇದು ನಿನ್ನದು, ಖಾಲಿಯಾದರೆ ತುಂಬಿಸುತ್ತೇನೆ’ ಅನ್ನಿ. ಆಮೇಲೆ ತುಂಬಿಸುತ್ತಾ ಇರಿ. ಎಷ್ಟು ತಿಂದಳು ಎಂದು ಯಾರೂ ಎಣಿಸಬಾರದು.

ಚೆನ್ನಾಗಿದ್ದ ಮರುದಿನವೇ ಒಡೆಯುತ್ತಾಳೆ ಅಂದಿರಿ. ಓದಿ ನನಗೆ ಸ್ವಲ್ಪ ಸಮಾಧಾನವೇ ಆಯಿತು. ನಿಮ್ಮನ್ನು ಹಚ್ಚಿಕೊಳ್ಳಲು ಶುರು ಮಾಡಿರಬೇಕು, ಅದಕ್ಕೇ ಹೆದರಿಕೆ. ಹೇಗೂ ಬಿಟ್ಟುಬಿಡುತ್ತಾರೆ, ಈಗಲೇ ಗೊತ್ತಾಗಿಬಿಡಲಿ ಅನ್ನುವ ಹಾಗೆ ಪರೀಕ್ಷೆ ಮಾಡುತ್ತಾರೆ. ‘ನಿನಗೆ ತುಂಬಾ ಸಿಟ್ಟು ಬಂದಿದೆ. ನಾನು ಇಲ್ಲೇ ಇರ್ತೀನಿ’ ಅಂದರೆ ಸಾಕು. ಇಂಥ ಮಕ್ಕಳ ಜತೆ ಇರುವವರಿಗೆ ಡ್ಯಾನ್ ಹ್ಯೂಸ್ ಎಂಬ ಮನಃಶಾಸ್ತ್ರಜ್ಞರು ನಾಲ್ಕು ವಿಷಯ ಹೇಳುತ್ತಾರೆ: ಆಟದ ಮನಸ್ಸು, ಒಪ್ಪಿಕೊಳ್ಳುವುದು, ಕುತೂಹಲ, ಮರುಕ. ಮೊದಲನೆಯದನ್ನೇ ನಾವು ಮರೆಯುತ್ತೇವೆ. ಅವಳ ನೋವಿನ ನಡುವೆ ನಗುವುದು ಹೇಗೆ ಎಂದು ಸಂಕೋಚಪಡಬೇಡಿ, ನಗಿ.

ಒಬ್ಬ ದತ್ತು ತಾಯಿ

•

ಪ್ರೀತಿ, ತಾಳ್ಮೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ನಿಯಮದ ಬಗ್ಗೆ ಬರೆಯುತ್ತೇನೆ. ಪಾಪ, ನೊಂದ ಮಗು ಎಂದು ಎಲ್ಲದಕ್ಕೂ ಹೂಂ ಅಂದರೆ ಆ ಮಗುವಿಗೆ ಭಯ ಇನ್ನೂ ಜಾಸ್ತಿಯಾಗುತ್ತದೆ. ಈ ಮನೆಯಲ್ಲೂ ಯಾರ ಹಿಡಿತವೂ ಇಲ್ಲ ಅನಿಸುತ್ತದೆ. ನಿಯಮ ಎರಡು ಮೂರೇ ಇರಲಿ, ದಿನಕ್ಕೊಂದು ಥರ ಬದಲಾಗದಿರಲಿ. ‘ಇಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ’ ಅನ್ನುವುದು ಮೊದಲನೆಯದು. ದೊಡ್ಡವರಿಗೂ ಸೇರಿಸಿ. ಒಡೆದಿದ್ದಕ್ಕೆ ಶಿಕ್ಷೆ ಬೇಡ, ಚೂರುಗಳನ್ನು ಆಮೇಲೆ ಇಬ್ಬರೂ ಸೇರಿ ಎತ್ತಿ.

ಆಮೇಲೆ ಅಂದರೆ ಅವಳು ತಣ್ಣಗಾದ ಮೇಲೆ. ಭಯ ಏರಿದಾಗ ಮಿದುಳು ಓಡು, ಹೊಡೆ, ಇಲ್ಲವೇ ಅಲ್ಲಾಡದೆ ನಿಲ್ಲು ಅನ್ನುವುದಷ್ಟನ್ನೇ ಹೇಳುತ್ತದೆ. ಆಗ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ಮನೋವೈದ್ಯ ಬ್ರೂಸ್ ಪೆರಿ ಹೇಳುವ ಕ್ರಮ ನನ್ನ ತರಗತಿಯಲ್ಲೂ ಉಪಯೋಗಕ್ಕೆ ಬಂದಿದೆ. ಮೊದಲು ಮೈ ತಣಿಯಬೇಕು. ಆಮೇಲೆ ಯಾರೋ ಜತೆಗಿದ್ದಾರೆ ಎಂದು ಮಗುವಿಗೆ ಗೊತ್ತಾಗಬೇಕು. ಸರಿ ತಪ್ಪಿನ ಮಾತು ಕೊನೆಗೆ. ಮೈ ತಣಿಯಲು ನಡಿಗೆ, ಜೋಕಾಲಿ, ಚೆಂಡು ಎಸೆದು ಹಿಡಿಯುವುದು, ಹೀಗೆ ಲಯ ಇರುವ ಯಾವುದಾದರೂ ಆದೀತು. ನೀವು ದನಿ ತಗ್ಗಿಸಿ, ನೆಲದ ಮೇಲೆ ಕೂತುಬಿಡಿ. ಅವಳಿಗೂ ಬಾಗಿಲಿಗೂ ನಡುವೆ ಮಾತ್ರ ಕೂರಬೇಡಿ.

ಸುಳ್ಳಿನ ಬಗ್ಗೆ ಒಂದೇ ಮಾತು: ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಡಿ. ನಿಜ ಹೇಳಿ ಏಟು ತಿಂದ ಮಗು ಎರಡನೇ ಸಲ ನಿಜ ಹೇಳಲು ಹೆದರುತ್ತದೆ.

ಶಾಲೆಯಲ್ಲಿ ಒಬ್ಬ ಟೀಚರಿಗಾದರೂ ತಿಳಿಸಿ. ಮನೆಯ ಕಥೆಯೆಲ್ಲ ಬೇಡ. ಜೋರು ಸದ್ದಿಗೆ ಬೆಚ್ಚುತ್ತಾಳೆ, ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗ ಕೊಡಿ ಅನ್ನಿ.

ಪ್ರಾಥಮಿಕ ಶಾಲೆಯ ಶಿಕ್ಷಕಿ

•

‘ಚಿಕ್ಕ ಮಕ್ಕಳು, ಮರೆತುಬಿಡುತ್ತಾರೆ’ ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. 1976ರಲ್ಲಿ ಅಮೆರಿಕದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನು ಅಪಹರಿಸಿ, ನೆಲದಡಿ ಹೂತಿದ್ದ ವಾಹನದೊಳಗೆ ಕೂಡಿಹಾಕಿದ್ದರು. ಎಲ್ಲರೂ ಬದುಕಿ ಬಂದರು. ಮನೋವೈದ್ಯೆ ಲೆನೋರ್ ಟೆರ್ ವರ್ಷಗಳ ನಂತರ ಮತ್ತೆ ಮಾತಾಡಿಸಿದಾಗಲೂ ಅವರಲ್ಲಿ ಆ ಘಟನೆಯ ಪರಿಣಾಮ ಉಳಿದೇ ಇತ್ತು. ಇಂಥ ಮಕ್ಕಳು ನಡೆದದ್ದನ್ನೇ ಆಟವಾಗಿ ಮತ್ತೆ ಮತ್ತೆ ಆಡುವುದನ್ನೂ ಅವರು ಗುರುತಿಸಿದರು.

ಹಾಗಾಗಿ ಹುಡುಗಿ ಗೊಂಬೆಗೆ ಹೊಡೆಯುವ ಆಟ ಆಡಿದರೆ ತಡೆಯಬೇಡಿ. ‘ಈ ಗೊಂಬೆಗೆ ಹೆದರಿಕೆ ಆಗಿದೆ ಅಲ್ವಾ? ಯಾರನ್ನು ಕರೆಯೋಣ?’ ಎಂದು ಕೇಳಿ ನೋಡಿ. ಕಥೆ ಮುಂದೆ ಹೋದರೆ ಒಳ್ಳೆಯದು. ಅದೇ ಆಟ ಸ್ವಲ್ಪವೂ ಬದಲಾಗದೆ ನಡೆಯುತ್ತಿದ್ದರೆ, ಆಡಿದ ಮೇಲೆ ಅವಳು ಇನ್ನಷ್ಟು ಕಂಗೆಟ್ಟರೆ, ಮಕ್ಕಳ ಮನೋತಜ್ಞರಿಗೆ ತೋರಿಸಿ. ತನಗೇ ನೋವು ಮಾಡಿಕೊಂಡರೆ ಅಥವಾ ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ.

ಆಘಾತಕ್ಕೊಳಗಾದ ಮಕ್ಕಳಿಗೆಂದೇ ರೂಪಿಸಿದ ಸಿಬಿಟಿ ಚಿಕಿತ್ಸೆ (ಯೋಚನೆ, ನಡವಳಿಕೆಗಳನ್ನು ಮಾತು ಮತ್ತು ಅಭ್ಯಾಸದ ಮೂಲಕ ಬದಲಿಸುವುದು) ಇದೆ. ಸಾಮಾನ್ಯವಾಗಿ 12ರಿಂದ 16 ಭೇಟಿ, ಸಾಕುವವರೂ ಅದರಲ್ಲಿ ಪಾಲ್ಗೊಳ್ಳಬೇಕು. ಅದನ್ನೂ, ಕಣ್ಣುಗಳನ್ನು ಅತ್ತಿತ್ತ ಆಡಿಸುತ್ತಾ ಕಹಿ ನೆನಪನ್ನು ಎದುರಿಸುವ ಇಎಂಡಿಆರ್ ಚಿಕಿತ್ಸೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಮಕ್ಕಳಿಗೆ ಸೂಚಿಸಿದೆ. ಮೊದಲ ದಿನವೇ ‘ಏನಾಯಿತು, ಎಲ್ಲ ಹೇಳು’ ಎಂದು ಮಗುವನ್ನು ಕೂರಿಸಿಕೊಳ್ಳುವವರು ನಿಮಗೆ ಬೇಡ.

ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಡಬೇಡಿ. ಅವಳ ರಕ್ಷಣೆಗಾಗಿ ಹೇಳಲೇಬೇಕಾಗಿ ಬಂದರೆ ಇನ್ನೊಬ್ಬ ದೊಡ್ಡವರು ಮಾತು ತಪ್ಪಿದಂತಾಗುತ್ತದೆ.

ಮಕ್ಕಳ ಆಪ್ತಸಮಾಲೋಚಕಿ

•

ನಾನು ಅಂಥದೇ ಮಗು, ಸೋದರತ್ತೆಯ ಮನೆಯಲ್ಲಿ ಬೆಳೆದೆ. ಗುರುತಿಲ್ಲದವರ ಕೈ ಹಿಡಿಯುವುದು ಸುಲಭ, ಅವರು ಸಂಜೆಗೆ ಹೊರಟುಹೋಗುತ್ತಾರೆ. (ಹಾಗಂತ ಸುಮ್ಮನಿರಬೇಡಿ. ಕರೆದವರ ಜತೆಗೆಲ್ಲ ಹೋಗುವ ಮಗುವಿನ ಮೇಲೆ ಹೊರಗೆ ಕಣ್ಣಿಡಬೇಕು. ಬಂದವರಿಗೂ ‘ಎತ್ತಿಕೊಳ್ಳಬೇಡಿ’ ಎಂದು ಹೇಳಿ.) ಅತ್ತೆಯನ್ನು ಹಚ್ಚಿಕೊಂಡರೆ ಅಮ್ಮನಿಗೆ ಮೋಸ ಮಾಡಿದ ಹಾಗೆ ಅನಿಸುತ್ತಿತ್ತು. ಅದನ್ನು ಹೇಳಲು ಬರುತ್ತಿರಲಿಲ್ಲ, ಅವರು ಬಡಿಸಿದ್ದನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ. ಅತ್ತೆ ಅಮ್ಮನ ಫೋಟೊವನ್ನು ನನ್ನ ಮಂಚದ ಹತ್ತಿರ ಇಟ್ಟರು. ಅಪ್ಪನನ್ನು ಬೈಯಲಿಲ್ಲ, ಸಮರ್ಥಿಸಲೂ ಇಲ್ಲ. ‘ಅವನು ಮಾಡಿದ್ದು ತಪ್ಪು. ನಿನ್ನಿಂದ ಆದದ್ದಲ್ಲ’ ಅಂದರು. ನಿಮ್ಮ ಹುಡುಗಿ ಈ ಮಾತನ್ನು ಕೇಳಿ ಪಡೆಯುವುದಿಲ್ಲ. ನೀವೇ ಹೇಳಿ, ಒಂದು ಸಲ ಸಾಲದು.

ಹೆಸರು ಬೇಡ ಎಂದ ಓದುಗರು

•

ನಿಮ್ಮ ಪತ್ರದಲ್ಲಿ ನಿಮ್ಮನ್ನು ಬಿಟ್ಟು ಬೇರೆ ದೊಡ್ಡವರೇ ಕಾಣಲಿಲ್ಲ. ತಾಳ್ಮೆ ಇರಲಿ ಎಂದು ಉಪದೇಶ ಮಾಡುವುದು ನಮ್ಮಂಥ ಗಂಡಸರಿಗೆ ಬಹಳ ಸುಲಭ. ಮನೆಯಲ್ಲಿ ಯಾರಿದ್ದರೂ ಅವರಿಗೆ ಕೆಲಸ ಹಂಚಿ, ರಾತ್ರಿ ಏಳುವುದನ್ನೂ ಸೇರಿಸಿ.

ಒಂದು ದಿನ ರೇಗಿದರೆ ಮಾಡಿದ್ದೆಲ್ಲ ವ್ಯರ್ಥ ಅಂದುಕೊಳ್ಳಬೇಡಿ. ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ, ಮಗುವನ್ನು ಆಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಮಗು ನಗುತ್ತದೆ, ಅವಳನ್ನು ಸೆಳೆಯಲು ನೋಡುತ್ತದೆ, ಆಗದಿದ್ದಾಗ ಮುಖ ತಿರುಗಿಸುತ್ತದೆ. ಅವರು ಮುಂದೆ ಹೇಳಿದ್ದು ಇಷ್ಟು: ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ದಿನವಿಡೀ ತಾಳ ತಪ್ಪುತ್ತಲೇ ಇರುತ್ತದೆ. ತಪ್ಪಿದ್ದು ಮತ್ತೆ ಕೂಡಿಕೊಂಡಾಗಲೆಲ್ಲ ಮಗುವಿನ ನಂಬಿಕೆ ಬೆಳೆಯುತ್ತದೆ. ರೇಗಿದ ಮೇಲೆ ಹೋಗಿ ‘ನಾನು ಕೂಗಬಾರದಿತ್ತು’ ಅನ್ನಿ. ಅವಳಿಗೆ ಯಾವ ದೊಡ್ಡವರೂ ಇದುವರೆಗೆ ಹಾಗೆ ಅಂದಿರಲಿಕ್ಕಿಲ್ಲ.

ವಾರಕ್ಕೊಂದು ಸಂಜೆ ಮನೆಯಿಂದ ಹೊರಗೆ ಹೋಗಿ ಬನ್ನಿ. ಅವಳ ಜತೆ ಯಾರಿರುತ್ತಾರೆ, ನೀವು ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಎಂದು ಗಡಿಯಾರ ತೋರಿಸಿ ಹೇಳಿ ಹೋಗಿ.

ಒಬ್ಬ ಅಜ್ಜ