ಬಾಯಿಮಾತಲ್ಲಿ ಅಂಗಡಿ ಕೊಂಡಿದ್ದೀರಾ? ವಕೀಲರನ್ನು ಕೇಳಿ

ಕುಮಟಾ ಸದಸ್ಯ: ನಡೀತಿದ್ದ ಬೇಕರಿ 6 ಲಕ್ಷಕ್ಕೆ ತಗೊಂಡೆ. 2 ಲಕ್ಷ ಬ್ಯಾಂಕಿಂದ, 3 ಲಕ್ಷ ನಗದು, 1 ಲಕ್ಷ ಬಾಕಿ. ಕಾಗದ ಎಂತದೂ ಇಲ್ಲ. ಈಗ ಕಟ್ಟಡದ ಮಾಲೀಕರು "ನಿಮ್ಮ ಪರಿಚಯವೇ ಇಲ್ಲ, ಖಾಲಿ ಮಾಡಿ" ಅಂತ್ರು. ಎಂತ ಮಾಡೂದು ಸರ್?

ವಕೀಲರು: ಬಾಕಿ 1 ಲಕ್ಷ ಈಗಲೇ ಕೊಡಬೇಡಿ. ಬಾಯಿಮಾತಿನ ಕರಾರು ಊರ್ಜಿತವೇ, ಕಷ್ಟ ರುಜುವಾತಿನದ್ದು. ಮಾರಿದವರು ನಾಳೆ "ಅದು ಕೈಗಡ" ಅಂದರೆ ಏನು ತೋರಿಸುತ್ತೀರಿ? ಅವರ ಜೊತೆಗಿನ ಚಾಟ್ ಅಳಿಸಬೇಡಿ, ಫೋನ್ ಮಾರಬೇಡಿ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ಜೊತೆ ಆ ಚಾಟನ್ನು ಕೋರ್ಟಿಗೆ ಹಾಜರುಪಡಿಸಬಹುದು. ನಗದು ಪಡೆದದ್ದಕ್ಕೆ ಅವರು ರಸೀದಿ ಕೊಡಲು ಹಿಂಜರಿಯಬಹುದು, ಏಕೆಂದರೆ: ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಅಂಗಡಿ ಕೊಂಡ ಮಾತ್ರಕ್ಕೆ ಬಾಡಿಗೆ ಹಕ್ಕು ಬರದು. ಮಾಲೀಕರ ಜೊತೆ ನಿಮ್ಮ ಹೆಸರಲ್ಲೇ ಕರಾರು ಮಾಡಿಕೊಳ್ಳಿ. ಬಾಡಿಗೆ ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಬೇಕೇಬೇಕು.

ಓವನ್ನಿನ ಹಿಂಬದಿ ತಗಡು ನೋಡಿ. ಬ್ಯಾಂಕಿನ ಸ್ಟಿಕ್ಕರ್ ಅಥವಾ ಕಿತ್ತ ಅಂಟಿನ ಕಲೆ ಇದ್ದರೆ ಅದರ ಮೇಲೆ ಸಾಲ ಇರಬಹುದು. ಹಳಬರ ಜಿಎಸ್‌ಟಿ ನಂಬರ್ ಪೋರ್ಟಲ್‌ನಲ್ಲಿ ಹಾಕಿ, ರಿಟರ್ನ್ ಎಲ್ಲಿಗೆ ನಿಂತಿದೆ ನೋಡಿ. ಜಿಎಸ್‌ಟಿ ಕಾಯ್ದೆಯ 85ನೇ ಕಲಮಿನ ಪ್ರಕಾರ ಅವರ ಹಳೇ ತೆರಿಗೆ ಬಾಕಿಗೆ ನೀವೂ ಹೊಣೆ. ಆಹಾರ ಪರವಾನಗಿ ನಿಮ್ಮ ಹೆಸರಲ್ಲಿ ಹೊಸದಾಗಿ ಮಾಡಿಸಿ.

ಆಮೇಲೆ ಇವತ್ತಿನ ತಾರೀಕಲ್ಲೇ ಕರಾರು ಬರೆಸಿ. ಯಾವ ದಿನ ಎಷ್ಟು ಸಂದಿದೆ, ಯಾವ ಯಂತ್ರ, ಅದರ ಸೀರಿಯಲ್ ನಂಬರ್, ಹಳೇ ಸಾಲ ಯಾರ ತಲೆಗೆ, ಎಲ್ಲ ಬರಲಿ. ಗುಡ್‌ವಿಲ್ (ಅಂಗಡಿಯ ಹೆಸರು, ಗಿರಾಕಿಗಳ ನಂಬಿಕೆ) ಮಾರಿದವರು ಇಂತಿಷ್ಟು ದೂರದೊಳಗೆ ಬೇಕರಿ ಹಾಕಬಾರದೆಂದೂ ಸೇರಿಸಿ. ಕರಾರು ಕಾಯ್ದೆ 27ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಹೊನ್ನಾವರ ಸದಸ್ಯ: 100 ರೂಪಾಯಿ ಬಾಂಡ್, ನೋಟರಿ ಇದ್ದರೆ ಸಾಕು ಅಂತ ಮೆಸೇಜ್ ಬಂದಿದೆ.

ವಕೀಲರು: ನೋಟರಿ ನೋಂದಣಿಯಲ್ಲ. ಸ್ಟಾಂಪು ಕಮ್ಮಿಯಾದರೆ ಕಮ್ಮಿಬಿದ್ದ ಸುಂಕ, ಅದರ 10 ಪಟ್ಟು ದಂಡ ಕಟ್ಟುವ ತನಕ ಕೋರ್ಟು ಆ ಕಾಗದ ಪರಿಗಣಿಸದು.

ಕಾರವಾರ ಸದಸ್ಯ: ಹಳೇ ತಾರೀಕು ಹಾಕಿ ಬರೆಸಿದರೆ?

ವಕೀಲರು: ಇ-ಸ್ಟಾಂಪಿನ ಮೇಲೆ ಕೊಂಡ ದಿನ, ಗಂಟೆ ಎರಡೂ ಇರುತ್ತವೆ. ಸುಳ್ಳು ದಾಖಲೆಯ ಕೇಸು ನಿಮ್ಮ ಮೇಲೇ. ಇಂಥ ಉಪಾಯ ಈ ಗುಂಪಿನಲ್ಲಿ ಹಾಕಬೇಡಿ.

ಗೋಕರ್ಣ ಸದಸ್ಯೆ: ಹೋಮ್‌ಸ್ಟೇ ಕೊಳ್ಳುವಾಗ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕೂಡ ನೋಡಬೇಕಾ ಸರ್?

ಶಿರಸಿ ಸದಸ್ಯ: ನಮ್ಮಲ್ಲಿ ಮಾತೇ ಕರಾರು ಮಾರಾಯ್ರೆ. ಎಲ್ಲದಕ್ಕೂ ಕೋರ್ಟು ತೋರಿಸಿ ಹೆದರಿಸಬೇಡಿ.

ಅಂಕೋಲಾ ಸದಸ್ಯ: ಸೊಸೈಟಿಗೆ ಅಡಿಕೆ ಹಾಕಿದಾಗ ರಸೀದಿ ಬಿಟ್ಟು ಬರ್ತೀರಾ? 6 ಲಕ್ಷಕ್ಕೆ ಬೇಡವಾ?

ಶಿರಸಿ ಸದಸ್ಯ: ನಿಮ್ಮ ಹತ್ರ ಕೇಳಿಲ್ಲ.

ಹೊನ್ನಾವರ ಸದಸ್ಯ: 500ರ ಬಾಂಡ್ ಆದ್ರೆ ನಡೀತದಾ?

ವಕೀಲರು: ಮೇಲೆ ಓದಿ.

ಗೋಕರ್ಣ ಸದಸ್ಯೆ: ನನ್ನ ಪ್ರಶ್ನೆ ಹಾಗೇ ಉಳೀತು.

ಕುಮಟಾ ಸದಸ್ಯ: ನೋಡ್ದೆ ಸರ್. ಓವನ್ನಿಗೆ ಸ್ಟಿಕ್ಕರ್ ಇಲ್ಲ. ಗಾಜಿನ ಫ್ರಿಡ್ಜ್ ಮೇಲೆ ತಂಪುಪಾನೀಯ ಕಂಪನಿ ಹೆಸರಿದೆ.

ವಕೀಲರು: ಆ ಫ್ರಿಡ್ಜ್ ಸಾಮಾನ್ಯವಾಗಿ ಕಂಪನಿಯದ್ದೇ, ಹಳಬರು ಮಾರಲು ಬರುವುದಿಲ್ಲ. ಏಜೆನ್ಸಿಯಲ್ಲಿ ವಿಚಾರಿಸಿ. ಕಂಪನಿಯದ್ದೇ ಆದರೆ ಅದರ ಬೆಲೆಯನ್ನು ಬಾಕಿ 1 ಲಕ್ಷದಲ್ಲಿ ಮುರಿಯುವ ಮಾತಾಡಿ, ಒಪ್ಪಿದ್ದನ್ನು ಕರಾರಿನಲ್ಲಿ ಬರೆಸಿ.